ಹತ್ತು ಮಿಲಿಗ್ರಾಂ ಖಾರ

ಕ್ಷಯರೋಗಕ್ಕೆ ಕೊಡುವ ಒಂದು ಔಷಧದ ಲೆಕ್ಕ ಹೀಗಿದೆ: ರಿಫಾಂಪಿಸಿನ್ 200 ಮಿಲಿಗ್ರಾಂ, ಐಸೋನಿಯಾಜಿಡ್ 300 ಮಿಲಿಗ್ರಾಂ, ಪೈಪರೀನ್ 10 ಮಿಲಿಗ್ರಾಂ. ಮೊದಲಿನೆರಡು ರೋಗಾಣುವನ್ನು ಕೊಲ್ಲುವ ಮದ್ದುಗಳು. ಮೂರನೆಯದು ಕಾಳುಮೆಣಸಿನ ಖಾರ. ನಮ್ಮ ಸಾರಿನಲ್ಲಿ, ಪೊಂಗಲಿನಲ್ಲಿ, ಕಷಾಯದಲ್ಲಿ ಇರುವ ಅದೇ ಖಾರ. ಸಾಮಾನ್ಯವಾಗಿ 450 ಮಿಲಿಗ್ರಾಂ ಕೊಡುವ ರಿಫಾಂಪಿಸಿನ್ ಇಲ್ಲಿ ಅರ್ಧಕ್ಕಿಂತ ಕೆಳಗಿಳಿದಿರುವುದು ಆ ಹತ್ತು ಮಿಲಿಗ್ರಾಮಿನ ಬಲದಿಂದ. ಜಮ್ಮುವಿನ ಸರ್ಕಾರಿ ಸಂಶೋಧನಾಲಯವೂ ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ ಕಂಪನಿಯೂ ಸೇರಿ ರೂಪಿಸಿದ ಈ ಔಷಧಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ದೇಶದ ಎಲ್ಲ ಕ್ಷಯರೋಗಿಗಳಿಗೂ ಕೊಡುವ ಔಷಧ ಇದಲ್ಲ. ಆದರೂ ಈ ಲೆಕ್ಕ ನನ್ನನ್ನು ಬಿಡದೆ ಕಾಡಿದೆ.

ಏಕೆಂದರೆ ಆ ಹತ್ತು ಮಿಲಿಗ್ರಾಮಿಗೆ ರೋಗಾಣುವನ್ನು ಕೊಲ್ಲುವ ಕೆಲಸ ವಹಿಸಿಲ್ಲ. ಕೊಲ್ಲಬಲ್ಲವನು ಪೋಲಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ರೋಗಿ ಗುಣವಾದಾಗ ಹೆಸರು ಬರುವುದು ರಿಫಾಂಪಿಸಿನ್‌ಗೆ, ಬರಬೇಕಾದದ್ದೂ ಅದಕ್ಕೇ. ಹಾಗಾದರೆ ತಾನಾಗಿ ಏನನ್ನೂ ಗುಣಪಡಿಸದ, ಇನ್ನೊಬ್ಬರ ಗುಣವನ್ನು ಮಾತ್ರ ಉಳಿಸಿಕೊಡುವ ಈ ಕೆಲಸದ ಬೆಲೆ ಎಷ್ಟು? ಚೆನ್ನೈನಲ್ಲಿ ಬದುಕುವವನಿಗೆ ಈ ಪ್ರಶ್ನೆ ಎರಡು ಕಡೆಯಿಂದ ಎದುರಾಗುತ್ತದೆ. ಇದು ಮೆಣಸನ್ನು ಬಲ್ಲ ಊರು. ಕ್ಷಯದ ಚಿಕಿತ್ಸೆಯ ಬಗ್ಗೆ ಲೋಕಕ್ಕೆ ಪಾಠ ಹೇಳಿದ ಊರೂ ಇದೇ.

ಮೊದಲು ಮೆಣಸಿನ ಮಾತು. ಕಾಳಿನಲ್ಲಿ ಪರಿಮಳ ಒಂದು ಕಡೆ, ಖಾರ ಇನ್ನೊಂದು ಕಡೆ ಇದೆ. ಪರಿಮಳ ಹೊರಗಿನ ಸಿಪ್ಪೆಯ ತೈಲದಲ್ಲಿ; ಕುಟ್ಟಿಟ್ಟ ಪುಡಿಯಿಂದ ಅದು ದಿನೇ ದಿನೇ ಹಾರಿಹೋಗುತ್ತದೆ. ಖಾರ ಒಳಗಿನ ತಿರುಳಿನಲ್ಲಿ. ಆದ್ದರಿಂದಲೇ ಸಿಪ್ಪೆ ಕಳೆದ ಬೋಳುಕಾಳಿನಲ್ಲಿ ಪರಿಮಳ ಕುಗ್ಗಿದರೂ ಖಾರ ಕುಗ್ಗುವುದಿಲ್ಲ. ಒಳ್ಳೆಯ ಕಾಳಿನ ತೂಕದಲ್ಲಿ ನೂರಕ್ಕೆ ಐದರಿಂದ ಒಂಬತ್ತು ಪಾಲು ಪೈಪರೀನ್ ಇರುತ್ತದೆ. ಕೊಡಗಿನ ಕಾಫಿ ತೋಟದಲ್ಲಿ ಮರ ಹಬ್ಬಿದ ಬಳ್ಳಿಯಾಗಲಿ, ಶಿರಸಿಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಾಗಲಿ ಅದನ್ನು ಕೂಡಿಡುವುದು ನಮಗಾಗಿ ಅಲ್ಲ, ಕೀಟಗಳಿಂದ ತನ್ನ ಬೀಜವನ್ನು ಕಾಪಾಡಿಕೊಳ್ಳಲು. ಬಳ್ಳಿಗೆ ಅದು ಕಾವಲು; ನಮಗೆ ರುಚಿ.

ಈ ಖಾರವನ್ನು ಬಿಡಿಯಾಗಿ ಬೇರ್ಪಡಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, 1819ರಲ್ಲಿ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಮರುವರ್ಷ ಕಂಡವರೂ ಅವರೇ. ಆ ಎರಡನೆಯ ಕೆಲಸದ ಕೀರ್ತಿಯಲ್ಲಿ ಮೊದಲನೆಯದು ಮುಚ್ಚಿಹೋಯಿತು. ನಾಲಿಗೆ ಈ ಖಾರವನ್ನು ಹೇಗೆ ಅರಿಯುತ್ತದೆ ಎಂಬುದು ಗೊತ್ತಾಗಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಸುಡುವ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವನ್ನು ನರಗಳಲ್ಲಿ ಪತ್ತೆಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದೂ ಕಾಳುಮೆಣಸಿನ ಪೈಪರೀನ್ ತಟ್ಟುವುದೂ ಆ ಗ್ರಾಹಕವನ್ನೇ. ಹೀಗಾಗಿ ಖಾರ ರುಚಿಯಲ್ಲ, ಬೆಂಕಿಯಿಲ್ಲದ ಬಿಸಿ. ನಾಲಿಗೆ ಸುಟ್ಟಿತೆಂದು ನರ ಹೇಳುತ್ತದೆ, ನಾಲಿಗೆ ಸುಟ್ಟಿರುವುದಿಲ್ಲ. ಕ್ಯಾಪ್ಸೈಸಿನ್‌ಗೆ ಹೋಲಿಸಿದರೆ ಪೈಪರೀನಿನ ಖಾರ ನೂರನೆಯ ಒಂದು ಪಾಲಿನಷ್ಟು. ಮೃದುವಾದ ಎಚ್ಚರಿಕೆ ಅದು. ಮೈ ಬಲ್ಲವರು, ಅದರಲ್ಲೂ ಕಾಯಿಲೆಯವರನ್ನು ನೋಡಿಕೊಳ್ಳುವವರು, ಮೆಣಸಿನಕಾಯಿ ಬಂದು ಐದು ಶತಮಾನವಾದರೂ ಕಾಳುಮೆಣಸನ್ನು ಕೈಬಿಡದಿರುವುದು ಈ ಮೃದುತ್ವಕ್ಕಾಗಿಯೇ ಎಂದು ನನಗನಿಸುತ್ತದೆ.

ಚೆನ್ನೈನಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿ. ಮಾರ್ಗಳಿಯ ಬೆಳಗಿನಲ್ಲಿ ಗುಡಿಯಿಂದ ಬರುವ ಪೊಂಗಲಿನಲ್ಲಿ ಕಾಳು ಕಾಳಾಗಿ ಮೆಣಸು. ಆಂಜನೇಯನ ಕೊರಳಿಗೆ ಮೆಣಸಿನ ವಡೆಯ ಹಾರ. ಸಂಗೀತದ ಸೀಸನ್ನಿನಲ್ಲಿ ಗಂಟಲು ಕಟ್ಟದಿರಲೆಂದು ಹಾಡುವವರಿಗೆ ಮನೆಯವರು ಕಾಯಿಸಿಕೊಡುವುದು ಮೆಣಸು, ಅರಿಶಿನ, ತಾಳೆ ಕಲ್ಲುಸಕ್ಕರೆ ಹಾಕಿದ ಹಾಲು. ಜ್ವರ ಬಿಟ್ಟವರಿಗೆ ಮೊದಲ ತುತ್ತು ಮೆಣಸಿನ ಸಾರು ಅನ್ನ. ಹಳೆಯ ವೈಷ್ಣವ ದೇವಾಲಯಗಳ ನೈವೇದ್ಯದ ಅಡುಗೆಗೆ ಮೆಣಸಿನಕಾಯಿ ಬಾರದು. ನಮ್ಮ ಕಡೆಯ ಶ್ರಾದ್ಧದ ಅಡುಗೆಗೂ ಅದು ಸಲ್ಲದು. ಪೋರ್ಚುಗೀಸರ ಹಡಗಿನಿಂದ ಇಳಿದದ್ದಕ್ಕೆ ದೇವರ ಮುಂದೆ, ಪಿತೃಗಳ ಮುಂದೆ ಇನ್ನೂ ಎಲೆ ಹಾಕಿಲ್ಲ.

ಮೆಣಸಿನ ಸಾರಿಗೆ ನಮ್ಮ ಬೆಂಗಳೂರಿಗೂ ಸೇರಿದ ಒಂದು ಹಳೆಯ ಕಥೆಯಿದೆ. ಹೈದರಾಲಿಯ ಕಾಲದ ಯುದ್ಧದಲ್ಲಿ ಸೆರೆಸಿಕ್ಕು ಬೆಂಗಳೂರಿನ ಜೈಲಿನಲ್ಲಿದ್ದ ಇಂಗ್ಲಿಷ್ ನೌಕಾಪಡೆಯವನೊಬ್ಬ ತಮಗೆ ಅಲ್ಲಿ ಸಿಗುತ್ತಿದ್ದದ್ದು ಗಂಜಿ ಮತ್ತು ಮೆಣಸಿನ ನೀರು ಎಂದು ಹಾಡು ಕಟ್ಟಿದ; 1784ರ ಆ ಹಾಡಿನ ಸಾಲುಗಳು ಹಳೆಯ ಆಂಗ್ಲೋ-ಇಂಡಿಯನ್ ನಿಘಂಟು ಹಾಬ್ಸನ್-ಜಾಬ್ಸನ್‌ನಲ್ಲಿ ಉಳಿದಿವೆ. ಅವನಿಗೆ ಅದು ಸೆರೆಯ ಸಂಕಟ. ಮುಂದೆ ಅದೇ ಮೆಣಸಿನ ನೀರು ಮದ್ರಾಸಿನ ದೊರೆಗಳ ಮೇಜಿನ ಮೇಲೆ ಮುಲ್ಲಿಗಟಾನಿ ಸೂಪ್ ಆಗಿ ಲಂಡನ್ನಿನವರೆಗೂ ಹೋಯಿತು.

ಮೈಲಾಪುರದ ಕಚೇರಿ ರಸ್ತೆಯಲ್ಲಿ ಡಬ್ಬಾ ಚೆಟ್ಟಿ ಅಂಗಡಿ ಎಂಬ ನಾಟಿ ಔಷಧಿಯ ಅಂಗಡಿಯಿದೆ; ನೂರು ವರ್ಷಕ್ಕೂ ಹಳೆಯದು. ದೀಪಾವಳಿ ಹತ್ತಿರವಾದಾಗ ಜನ ಅಲ್ಲಿಗೆ ಹೋಗುವುದು ಲೇಹ್ಯದ ಸಾಮಗ್ರಿಗಾಗಿ. ತಮಿಳರ ಮನೆಗಳಲ್ಲಿ ಹಬ್ಬದ ಬೆಳಿಗ್ಗೆ ಎಣ್ಣೆ ಸ್ನಾನವಾದ ಮೇಲೆ ಸಿಹಿಗೂ ಮೊದಲು ಒಂದಿಷ್ಟು ಲೇಹ್ಯ ಬಾಯಿಗೆ ಹಾಕಿಕೊಳ್ಳಬೇಕು. ಅದರಲ್ಲಿ ಶುಂಠಿ, ಹಿಪ್ಪಲಿ, ಕಾಳುಮೆಣಸು, ಓಮ, ಬೆಲ್ಲ, ತುಪ್ಪ. ಮೊದಲ ಮೂರು ಸೇರಿದರೆ ಆಯುರ್ವೇದದ ತ್ರಿಕಟು. ಆಯುರ್ವೇದದ ಎಷ್ಟೋ ಯೋಗಗಳಲ್ಲಿ, ಮುಖ್ಯ ಮದ್ದು ಯಾವುದೇ ಇರಲಿ, ಪಕ್ಕದಲ್ಲಿ ತ್ರಿಕಟುವೋ ಅದರಲ್ಲಿ ಒಂದೋ ಇದ್ದೇ ಇರುತ್ತದೆ. ಏಕೆ ಇರುತ್ತದೆ ಎಂದು ಆಧುನಿಕರು ಬಹಳ ಕಾಲ ಕೇಳಲಿಲ್ಲ. ಆಡುಸೋಗೆಯ ಜೊತೆ ಹಿಪ್ಪಲಿ ಸೇರಿಸಿದರೆ ಉಬ್ಬಸಕ್ಕೆ ಅದು ಹೆಚ್ಚು ಕೆಲಸ ಮಾಡುತ್ತದೆ ಎಂದು ಬೋಸ್ ಎಂಬ ವೈದ್ಯರು 1929ರಷ್ಟು ಹಿಂದೆಯೇ ಬರೆದಿದ್ದರು. 1979ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಿ. ಕೆ. ಅಟಲ್ ಆ ಎಳೆ ಹಿಡಿದು ಹೊರಟರು. ಹಿಪ್ಪಲಿಯಲ್ಲೂ ಕಾಳುಮೆಣಸಿನಲ್ಲೂ ಇದ್ದ ಪೈಪರೀನ್, ಬೇರೆ ಔಷಧಗಳು ರಕ್ತದಲ್ಲಿ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ ಎಂಬುದು ಹಾಗೆ ಹೊರಬಂತು.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಬೆಂಗಳೂರಿನದು. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಅನ್ನು ನುಂಗಿದರೆ ಮೈಗೆ ಹತ್ತುವುದು ತೀರಾ ಕಡಿಮೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದರ ಸುಳಿವು ಸಿಗುವುದೇ ಕಷ್ಟವಾಯಿತು. ಅದರ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ದೇಹಕ್ಕೆ ಸಿಕ್ಕ ಪ್ರಮಾಣ ಇಪ್ಪತ್ತು ಪಟ್ಟು ಆಯಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದು ಜಗತ್ತಿನ ಅರಿಶಿನದ ಗುಳಿಗೆಗಳ ಡಬ್ಬಿಗಳ ಮೇಲೆಲ್ಲ ಇದೆ. ಗಂಟಲಿಗೆಂದು ಅರಿಶಿನದ ಹಾಲಿಗೆ ಎರಡು ಕಾಳು ಮೆಣಸು ಕುಟ್ಟಿ ಹಾಕುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಬೀಗುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಒಂಟಿಯಾಗಿ ಕೊಡದೆ ಜೊತೆ ಮಾಡಿ ಕೊಡುವ ಪದ್ಧತಿಯೊಂದನ್ನು ಅವರು ಬಿಡದೆ ನಡೆಸಿಕೊಂಡು ಬಂದರು. ಆ ಪದ್ಧತಿಗೆ ನನ್ನ ಗೌರವವಿದೆ.

ಪೈಪರೀನ್ ಮಾಡುವುದೇನು? ನಾವು ನುಂಗಿದ್ದನ್ನೆಲ್ಲ ದೇಹ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಗಿನದು ಎನಿಸಿದ ವಸ್ತುವನ್ನು ಕರುಳಿನ ಗೋಡೆಯಲ್ಲೇ ಹಿಂದಕ್ಕೆ ದೂಡುವ ಪ್ರೋಟೀನುಗಳಿವೆ. ದಾಟಿ ಬಂದದ್ದನ್ನು ಒಡೆದು, ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಕಳಿಸುವ ಕಿಣ್ವಗಳು ಯಕೃತ್ತಿನಲ್ಲಿವೆ. ವಿಷದಿಂದ ನಮ್ಮನ್ನು ಕಾಯುವುದು ಈ ಕಾವಲೇ. ಔಷಧವನ್ನು ಅರ್ಧ ದಾರಿಯಲ್ಲಿ ತಡೆದು ಕಳಿಸುವುದೂ ಇದೇ. ಪೈಪರೀನ್ ಈ ಕಾವಲುಗಾರನ ಕೈಯನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ. ಅಷ್ಟರಲ್ಲಿ ಮದ್ದು ಒಳಗೆ ಹೋಗಿರುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾವಲುಗಾರನ ಕೈ ಹಿಡಿಯುವವನು ಬಾಗಿಲಲ್ಲಿ ಯಾರು ಬಂದಿದ್ದಾರೆಂದು ನೋಡುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವುಗಳ ಮಟ್ಟವೂ ಪೈಪರೀನಿನಿಂದ ರಕ್ತದಲ್ಲಿ ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ವೈದ್ಯರು ಅಳೆದು ಬರೆದ ಪ್ರಮಾಣ ಒಳಗೆ ಹೋದಮೇಲೆ ಮಿತಿ ಮೀರಬಹುದು. ಸಾರಿನಲ್ಲಿ ಬೀಳುವ ನಾಲ್ಕು ಕಾಳಿನಿಂದ ಹೆದರಬೇಕಾಗಿಲ್ಲ. ಸತ್ವವನ್ನು ಹಿಂಡಿ ತೆಗೆದು ಗುಳಿಗೆ ಮಾಡಿ, ದಿನವೂ ನುಂಗಿ ಎಂದು ಮಾರುವಾಗ ಹೆದರಬೇಕು. ನೆರವಾಗುವ ಗುಣಕ್ಕೆ ತನ್ನದೇ ಆದ ಅಪಾಯವಿದೆ. ಸಮಾಜದಲ್ಲೂ ನಾವು ಇದನ್ನು ನೋಡುತ್ತೇವೆ. ಬಾಗಿಲು ತೆರೆಸಿಕೊಡಬಲ್ಲ ಮನುಷ್ಯ ಅರ್ಹನಿಗೂ ತೆರೆಸುತ್ತಾನೆ, ಅನರ್ಹನಿಗೂ ತೆರೆಸುತ್ತಾನೆ. ಉಪಕಾರ ಮಾಡಿದೆನೆಂಬ ತೃಪ್ತಿ ಎರಡೂ ಕಡೆ ಅವನಿಗೆ ಒಂದೇ. ಯಾರಿಗೆ, ಎಷ್ಟು, ಯಾವ ಹೊತ್ತಿಗೆ ಎಂದು ಕೇಳಿಕೊಳ್ಳದ ಸಹಾಯವನ್ನು ನಾನು ಸದ್ಗುಣ ಎನ್ನಲಾರೆ. ಕ್ಷಯದ ಔಷಧದಲ್ಲಿ ಪೈಪರೀನ್ 10 ಮಿಲಿಗ್ರಾಮಿಗೆ ನಿಂತದ್ದರಲ್ಲಿ ಆ ಪ್ರಶ್ನೆಗೆ ಉತ್ತರವಿದೆ. ಯಾರೋ ಕೂತು ಅಳೆದಿದ್ದಾರೆ.

ಇನ್ನು ಊರಿನ ಎರಡನೆಯ ಮಾತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಷಯವೆಂದರೆ ಸ್ಯಾನಿಟೋರಿಯಂ. ಒಳ್ಳೆಯ ಗಾಳಿ, ಹಾಸಿಗೆ, ಹಾಲು, ಮೊಟ್ಟೆ, ಮನೆಯಿಂದ ದೂರ. ಮದ್ರಾಸಿಗೆ ತಾಂಬರಂ ಸ್ಯಾನಿಟೋರಿಯಂ ಇತ್ತು, 1928ರಲ್ಲಿ ಶುರುವಾದದ್ದು. ಇಂದಿಗೂ ಅಲ್ಲಿನ ಲೋಕಲ್ ರೈಲು ನಿಲ್ದಾಣಕ್ಕೆ ಆ ಹೆಸರೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸ್ಯಾನಿಟೋರಿಯಂ ಎದ್ದಿತು. ಅರಮನೆಯ ಗೋಡೆಯನ್ನೇ ದಾಟಿದ ರೋಗ ಗುಡಿಸಲನ್ನು ಬಿಟ್ಟೀತೆ? ಗುಡಿಸಲಿನವರಿಗೆಲ್ಲ ಹಾಸಿಗೆ ಒದಗಿಸುವುದು ಬಡದೇಶಕ್ಕೆ ಆಗದ ಮಾತಾಗಿತ್ತು.

1956ರಲ್ಲಿ ಮದ್ರಾಸಿನ ಚೆಟ್‌ಪೆಟ್‌ನಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರವೊಂದು ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಕೈಜೋಡಿಸಿದ್ದವು. ಮುಂದಾಳತ್ವ ವ್ಯಾಲೆಸ್ ಫಾಕ್ಸ್ ಅವರದು. ಅದೇ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ. ಅಲ್ಲಿ ಇನ್ನೂರಕ್ಕಿಂತ ಕಡಿಮೆ ಬಡರೋಗಿಗಳನ್ನು ಆರಿಸಿ, ಅರ್ಧ ಜನರನ್ನು ಸ್ಯಾನಿಟೋರಿಯಂಗೆ ಕಳಿಸಿದರು. ಉಳಿದವರಿಗೆ ಅದೇ ಮದ್ದನ್ನು ಕೊಟ್ಟು ಅವರವರ ಮನೆಯಲ್ಲೇ ಇರಿಸಿದರು. ಮನೆಯೆಂದರೆ ಇಕ್ಕಟ್ಟಿನ ಕೋಣೆ, ಅರೆಹೊಟ್ಟೆಯ ಊಟ, ನಿಲ್ಲಿಸಲಾಗದ ದುಡಿಮೆ. ಒಂದು ವರ್ಷದ ನಂತರ ನೋಡಿದರೆ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣವಾಗಿದ್ದರು. ಮನೆಯಲ್ಲಿದ್ದವರ ಮಕ್ಕಳಿಗೆ, ಮಡದಿಗೆ ರೋಗ ಹೆಚ್ಚಾಗಿ ಹರಡಿಯೂ ಇರಲಿಲ್ಲ. 1959ರಲ್ಲಿ ವರದಿ ಪ್ರಕಟವಾಯಿತು. ಮುಂದೆ ಲೋಕದಾದ್ಯಂತ ಸ್ಯಾನಿಟೋರಿಯಂಗಳ ಬಾಗಿಲು ಮುಚ್ಚಲು ಈ ಊರಿನ ಕೊಳೆಗೇರಿಗಳ ರೋಗಿಗಳು ದಾರಿಮಾಡಿದರು.

ಈ ಕಥೆಯನ್ನು ಹೇಳುವವರು ಗೆಲುವು ಮದ್ದಿನದು ಎನ್ನುತ್ತಾರೆ. ಹೌದು. ಆದರೆ ಆ ಮದ್ದು ಹೊಟ್ಟೆ ಸೇರಿತೋ ಇಲ್ಲವೋ ಎಂದು ನೋಡಲು ಮನೆಮನೆಗೆ ನಡೆದವರಿದ್ದರು. ಹೇಳದೆ ಕೇಳದೆ ಹೋಗಿ ಉಳಿದ ಗುಳಿಗೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡಿ ಮದ್ದು ಒಳಗೆ ಹೋಗಿದೆಯೇ ಎಂದು ತಿಳಿಯುತ್ತಿದ್ದರು. ಅನುಮಾನದಿಂದ ಮಾಡಿದ ಕೆಲಸವಲ್ಲ ಅದು. ತಿಂಗಳೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ಹಗುರಾದಾಗ ಗುಳಿಗೆ ಬಿಟ್ಟುಬಿಡುವುದು ಮನುಷ್ಯ ಸ್ವಭಾವ. ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತೆ ಬಲಿಯುತ್ತದೆ. ಹಾಗಾಗದಂತೆ ಜೊತೆ ನಿಲ್ಲುವವರು ಬೇಕು ಎಂಬುದನ್ನು ಇದೇ ಕೇಂದ್ರ ಅರವತ್ತರ ದಶಕದಲ್ಲಿ ಇನ್ನೂ ಮುಂದಕ್ಕೆ ಒಯ್ದಿತು: ವಾರಕ್ಕೆ ಎರಡು ಸಲ, ಸಿಬ್ಬಂದಿಯ ಕಣ್ಣೆದುರಿಗೇ ಮದ್ದು. ಇಂದು ಊರೂರಿನ ಆಶಾ ಕಾರ್ಯಕರ್ತೆ ಮಾಡುವ ಕೆಲಸದ ಬೇರು ಅಲ್ಲಿದೆ. ಮದ್ದು ಪೋಲಾಗದಂತೆ ಕಾಯ್ದ ಆ ಆರೋಗ್ಯ ಸಂದರ್ಶಕಿಯರಲ್ಲಿ ಹೆಚ್ಚಿನವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಜೊತೆ ನಿಲ್ಲುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮ್ಮ ತುಮಕೂರಿನಲ್ಲಿ ಕಂಡಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ಕಂಡದ್ದು ಬೇರೆ. ರೋಗದ ಲಕ್ಷಣವಿದ್ದವರಲ್ಲಿ ಸುಮಾರು ಅರ್ಧ ಜನ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು. ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಹಿಂದಕ್ಕೆ ಕಳಿಸಲಾಗಿತ್ತು. ಬಂದವರನ್ನು ಒಳಗೆ ಬಿಟ್ಟುಕೊಳ್ಳದ ತಪ್ಪು ಯಾರದು ಎಂದು ಆ ವರದಿ ಓದಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅನ್ನವೂ ಇಂಥ ಒಂದು ಜೊತೆ. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಯವರು ಸೇರಿ ಜಾರ್ಖಂಡಿನಲ್ಲಿ 2800 ರೋಗಿಗಳನ್ನೂ ಅವರ ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನೂ ಒಳಗೊಂಡ ಅಧ್ಯಯನ ಮಾಡಿದರು. ರೋಗಿಗಳೆಲ್ಲರಿಗೂ ಔಷಧದ ಜೊತೆ ಆಹಾರದ ಚೀಲ. ಅರ್ಧ ಕುಟುಂಬಗಳಲ್ಲಿ ಮನೆಯವರಿಗೂ ತಿಂಗಳ ಅಕ್ಕಿ, ಬೇಳೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂದ ಫಲಿತಾಂಶದ ಪ್ರಕಾರ, ಮನೆಯವರಿಗೂ ಆಹಾರ ಸಿಕ್ಕ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 40ರಷ್ಟು ಇಳಿಯಿತು. ಮೊದಲ ತಿಂಗಳುಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆಯಾಯಿತು. ಲಸಿಕೆಯಿಂದ ನಿರೀಕ್ಷಿಸುವಷ್ಟು ಫಲವನ್ನು ಅಕ್ಕಿ, ಬೇಳೆ ಕೊಟ್ಟವು.

ಮೆಣಸು ತಿಂದರೆ ಕ್ಷಯ ಹೋಗುತ್ತದೆ ಎಂದು ದಯವಿಟ್ಟು ಯಾರೂ ಇದನ್ನು ಓದಿಕೊಳ್ಳಬೇಡಿ. ಗುಳಿಗೆಯ ಜೊತೆ ಮೆಣಸಿನ ಸತ್ವವನ್ನು ತಾವಾಗಿ ಸೇರಿಸಿಕೊಳ್ಳುವ ಸಾಹಸವೂ ಬೇಡ. ಆ ಅಳತೆ ವೈದ್ಯರಿಗೆ ಬಿಟ್ಟದ್ದು. ನಮ್ಮ ಕೈಯಲ್ಲಿರುವುದು ಬೇರೆ. ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ಇಂದಿಗೂ ನಮ್ಮದೇ. ಮನೆಗೆಲಸಕ್ಕೆ ಬರುವಾಕೆ, ಕಟ್ಟಡದ ಕಾವಲಿನವರು, ಪಕ್ಕದ ಮನೆಯ ಹಿರಿಯರು, ಯಾರಿಗೇ ಆಗಲಿ ಕೆಮ್ಮು ಎರಡು ವಾರ ದಾಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದು ಹೇಳಿ ಸುಮ್ಮನಾಗಬೇಡಿ, ಜೊತೆಗೆ ಹೋಗಿ. ಕಫ ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟು ದಿನ ಅವರ ಮನೆಯ ಅಕ್ಕಿ, ಬೇಳೆಯ ಖರ್ಚನ್ನು ನೋಡಿಕೊಳ್ಳಲಾದರೆ ನೋಡಿಕೊಳ್ಳಿ. ಸಂಬಳ ಹಿಡಿಯಬೇಡಿ, ಕೆಲಸದಿಂದ ತೆಗೆಯಬೇಡಿ. ಮೂರನೆಯ ತಿಂಗಳಲ್ಲಿ, ಅವರು ಚೆನ್ನಾಗಿ ಕಾಣತೊಡಗಿದಾಗ, ಇವತ್ತಿನ ಗುಳಿಗೆ ಆಯಿತೇ ಎಂದು ಮರೆಯದೆ ಕೇಳಿ.